ಬಲಭುಜಕ್ಕೊಂದು ಚುಚ್ಚುಮದ್ದು

32 ವರ್ಷ ಕರಿಹಲಗೆಯ ಮೇಲೆ ಬರೆದ ನನ್ನ ಬಲಗೈ 2024ರ ಮಳೆಗಾಲದಲ್ಲಿ ಅಂಗಿಯ ತೋಳಿಗೂ ಏರದಾಯಿತು. ಭುಜ ಬಿಗಿದು ರಾತ್ರಿ ಮಗ್ಗುಲು ಬದಲಿಸುವಂತಿರಲಿಲ್ಲ. ಕೀಲಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವ ಮುನ್ನ ವೈದ್ಯರು ಸಕ್ಕರೆ ಕಾಯಿಲೆಯ ಬಗ್ಗೆ ಕೇಳಿದರು. ಭುಜ ಹೀಗೆ ಹಿಡಿಯುವುದು ಆ ಕಾಯಿಲೆಯವರಲ್ಲೇ ಹೆಚ್ಚಂತೆ. "ಇದೆ, ಹತೋಟಿಯಲ್ಲಿದೆ" ಎಂದುಬಿಟ್ಟೆ. ತಿಂಗಳುಗಟ್ಟಲೆ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. (ಮನೆಗೆಲಸ ಮಾಡದೆ "ಪುಸ್ತಕ ಮರೆತೆ ಸಾರ್" ಎನ್ನುತ್ತಿದ್ದವರು ಈಗ ಧಾರಾಳವಾಗಿ ನಗಬಹುದು.)

ಮೂರನೆಯ ದಿನಕ್ಕೆ ನೋವು ಇಳಿಯಿತು, ಸಕ್ಕರೆ 340ಕ್ಕೇರಿತು! ಕೀಲಿನ ಔಷಧವೂ ರಕ್ತಕ್ಕೆ ಸೇರುತ್ತದೆಂದು ಆಗಲೇ ತಿಳಿದದ್ದು. ವಾರದೊಳಗೆ ಹತೋಟಿಗೆ ಬಂದಿತಾದರೂ ಆ ರಾತ್ರಿಗಳಲ್ಲಿ ಮನೆಯಾಕೆ ನಿದ್ರಿಸಲಿಲ್ಲ.

ಈ ಮದ್ದು ಉರಿಯೂತವನ್ನು ಕೆಲಕಾಲ ತಣಿಸುತ್ತದೆ, ಅಷ್ಟೇ. ಆ ಬಿಡುವಿನಲ್ಲಿ ಕೀಲನ್ನು ಸಡಿಲಿಸುವುದು ವ್ಯಾಯಾಮದ ಕೆಲಸ. ದಿನವೂ ಬೆರಳುಗಳನ್ನು ಗೋಡೆಯ ಮೇಲೆ ಜೇಡದಂತೆ ಹತ್ತಿಸುತ್ತೇನೆ. ನಿನ್ನೆ ಅವು ಕ್ಯಾಲೆಂಡರಿನ ಮೊಳೆಯನ್ನು ಮುಟ್ಟಿದವು.