ಸ್ಟೋರ್ ಮನೆಯ ಸಿನಿಮಾ

ತಿರುವಲ್ಲಿಕ್ಕೇಣಿಯಲ್ಲಿ, ಅಂದರೆ ತ್ರಿಪ್ಲಿಕೇನಿನಲ್ಲಿ, ವಠಾರಕ್ಕೆ ‘ಸ್ಟೋರ್’ ಎನ್ನುತ್ತಿದ್ದರು. ಪಾರ್ಥಸಾರಥಿ ದೇವಸ್ಥಾನದ ಆಸುಪಾಸಿನ ಅಂಥದ್ದೊಂದು ಸ್ಟೋರಿನಲ್ಲಿ ನಾವು ಬೆಳೆದೆವು. ಉದ್ದನೆಯ ಓಣಿ, ಎರಡೂ ಕಡೆ ಪುಟ್ಟ ಮನೆಗಳು, ನಡುವೆ ಬಾವಿ, ಎಲ್ಲರಿಗೂ ಸೇರಿ ಒಂದೇ ಮಾಳಿಗೆ. ನಮ್ಮದೂ ಪಕ್ಕದ್ದೂ ಕನ್ನಡ ಮನೆ. ಮಿಕ್ಕವು ತಮಿಳು, ತೆಲುಗು. ಆಟದ ಸಾಮಾನಿಗೆಂದು ಯಾವ ಮನೆಯಲ್ಲೂ ದುಡ್ಡು ಬಿಚ್ಚುತ್ತಿರಲಿಲ್ಲ. ಆದರೂ ಆಟಕ್ಕೆ ಬರವಿರಲಿಲ್ಲ.

ಹುಣಸೆಹಣ್ಣು ಕುಟ್ಟುವ ದಿನ ಬೀಜಕ್ಕಾಗಿ ಕಾದು ಕೂರುತ್ತಿದ್ದೆವು. ದಪ್ಪನೆಯವನ್ನು ಆರಿಸಿ ಒಂದು ಮಗ್ಗುಲನ್ನು ಬಾವಿಕಟ್ಟೆಗೆ ಉಜ್ಜಿದರೆ ಸಿಪ್ಪೆ ಸವೆದು ಬಿಳುಪು ಕಾಣುತ್ತಿತ್ತು. ಅಂಥ ನಾಲ್ಕು ಬೀಜಗಳೇ ನಮ್ಮ ಕವಡೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ. ತಮಿಳು ಗೆಳೆಯರು ‘ದಾಯಂ’ ಲೆಕ್ಕ ಹೇಳಿದರೆ ನಾವು ಅಜ್ಜಿಯ ಲೆಕ್ಕ ಹೇಳುತ್ತಿದ್ದೆವು. ಸಾಕಷ್ಟು ಜಗಳವಾಡಿ, ಕೊನೆಗೆ ಸ್ಟೋರಿನದೇ ಒಂದು ನಿಯಮ ಮಾಡಿಕೊಂಡೆವು.

ಎಲ್ಲ ಆಟಗಳ ರಾಜ ಮಾತ್ರ ಬಲ್ಬಿನ ಸಿನಿಮಾ. ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ಆಗ ತಮಿಳು, ತೆಲುಗಿನ ಜೊತೆ ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದವು. ಫಿಲ್ಮಿನ ತುಂಡುಗಳು ಪೆಟ್ಟಿಗೆ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದವು. ಸುಟ್ಟುಹೋದ ಬಲ್ಬಿನ ಬುಡ ಬಿಡಿಸಿ, ತಂತಿ ತೆಗೆದು, ಒಳಗೆ ನೀರು ತುಂಬಿದರೆ ಅದೇ ಮಸೂರ. ಕೋಣೆಯ ಬಾಗಿಲು ಮುಚ್ಚಿ, ಗೋಡೆಗೆ ಅಪ್ಪನ ಬಿಳಿ ಪಂಚೆ ಕಟ್ಟುತ್ತಿದ್ದೆವು. ಓಣಿಯಲ್ಲಿ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕಿಟಕಿಯೊಳಗೆ ಬಿಡಬೇಕು. ರಟ್ಟಿನ ತೂತಿಗೆ ಫಿಲ್ಮನ್ನು ತಲೆಕೆಳಗಾಗಿ ಸಿಕ್ಕಿಸಿ ಬಲ್ಬನ್ನು ಹಿಂದೆಮುಂದೆ ಸರಿಸುತ್ತಿದ್ದರೆ, ಮಸುಕು ಮಸುಕಾಗಿ ಒಂದು ಮುಖ ಪಂಚೆಯ ಮೇಲೆ ಮೂಡುತ್ತಿತ್ತು.

ಆ ಮುಖ ಅಲುಗಾಡುತ್ತಿರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಆದ್ದರಿಂದ ಮಾತೆಲ್ಲ ನಮ್ಮದೇ. ಎಂ.ಜಿ.ಆರ್. ತುಂಡಿನ ನಂತರ ರಾಜ್‌ಕುಮಾರ್ ತುಂಡು ಬಂದರೆ ಇಬ್ಬರೂ ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಬೇರೆಯಾದ ಅಣ್ಣತಮ್ಮಂದಿರು. ಅಣ್ಣ ತಮಿಳಿನಲ್ಲಿ ಕೇಳಿದರೆ ತಮ್ಮ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ, ಯಾರಿಗೂ ಅದು ವಿಚಿತ್ರ ಎನಿಸುತ್ತಿರಲಿಲ್ಲ. ಕನ್ನಡಿ ಹಿಡಿದವನಿಗೆ ಚಿತ್ರ ಕಾಣುವಂತಿರಲಿಲ್ಲ. ಹೊರಗಿನಿಂದಲೇ “ಈಗ ಯಾರ್ರೋ, ಏನ್ ಮಾಡ್ತಿದಾರೋ?” ಎಂದು ಕೂಗುವನು. ಅವನಿಗಾಗಿ ಕಥೆಯನ್ನು ಇನ್ನಷ್ಟು ಹಿಗ್ಗಿಸಿ ಹೇಳುತ್ತಿದ್ದೆವು. ಸ್ಟಾರ್ ಟಾಕೀಸಿನಲ್ಲಿ ನೋಡಿದ ನಿಜವಾದ ಸಿನಿಮಾಗಳು ಮರೆತಿವೆ, ಆ ಅಣ್ಣತಮ್ಮಂದಿರ ಕಥೆ ಮರೆತಿಲ್ಲ. ತೋರಿಸುವುದು ಕಡಿಮೆಯಾದಷ್ಟೂ ಮಗುವಿನ ಮನಸ್ಸು ಹೆಚ್ಚು ದುಡಿಯುತ್ತದೆ ಎಂದು ನಾನು ನಂಬಿರುವುದು ಆ ಪಂಚೆಯ ದೆಸೆಯಿಂದಲೇ.

ಚೆಪಾಕ್ ಮೈದಾನ ನಡೆದು ಹೋಗುವಷ್ಟು ಹತ್ತಿರ. ಪೊಂಗಲ್ ಟೆಸ್ಟಿನ ದಿನಗಳಲ್ಲಿ ಗ್ಯಾಲರಿಯ ಕೂಗು ಮಾಳಿಗೆಗೆ ತೇಲಿ ಬರುತ್ತಿತ್ತು. 1975ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಮ್ಮ ಜಿ.ಆರ್. ವಿಶ್ವನಾಥ್ ಆಂಡಿ ರಾಬರ್ಟ್ಸ್‌ನ ಬೆಂಕಿಯಂಥ ಬೌಲಿಂಗಿಗೆ ಎದೆಗೊಟ್ಟು 97 ರನ್ ಹೊಡೆದು ನಿಂತಿದ್ದರು. ಕೊನೆಯ ಜೊತೆಗಾರ ಚಂದ್ರಶೇಖರ್ ಔಟಾದರು, ಶತಕಕ್ಕೆ ಮೂರು ರನ್ ಉಳಿದೇ ಹೋಯಿತು. ಆ ಸಂಜೆ ಸ್ಟೋರಿನ ಹುಡುಗರೆಲ್ಲ ಲಿಫ್ಕೋ ಡಿಕ್ಷನರಿ ಹಿಡಿದು ಕೂತೆವು. ಪುಟ ತೆರೆದರೆ ಎಡಗಡೆಯ ಪುಟಸಂಖ್ಯೆಯ ಕೊನೆಯ ಅಂಕಿಯೇ ರನ್, ಸೊನ್ನೆ ಬಂದರೆ ಔಟ್. ಚಂದ್ರ ಔಟಾಗಿಲ್ಲ ಎಂದು ಮೊದಲೇ ತೀರ್ಮಾನಿಸಿ ಪುಟ ತೆರೆದೆವು. ನಾಲ್ಕು! ಇಡೀ ಓಣಿ ಕುಣಿಯಿತು. ವಿಶ್ವನಾಥರ ಆ ಶತಕ ದಾಖಲೆಯಲ್ಲಿಲ್ಲ, ನಮ್ಮ ಸ್ಟೋರಿನ ಲೆಕ್ಕದಲ್ಲಿದೆ.

ಈ ಆಟಗಳ ನಿಯಮಗಳನ್ನು ಯಾರೂ ಬರೆದಿಟ್ಟಿಲ್ಲ. ಇಂಥ ವಠಾರಗಳಲ್ಲಿ ಆಡಿ ಬೆಳೆದವರು ನೀವಾಗಿದ್ದರೆ ದಯವಿಟ್ಟು ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡಿ. ಮುಂದಿನ ಸಲ ಮನೆಗೆ ಹುಣಸೆಹಣ್ಣು ಬಂದಾಗ ನಾಲ್ಕು ಬೀಜ ಎತ್ತಿಡಿ, ನೆಲದ ಮೇಲೆ ಆಟದ ಮನೆ ಬರೆಯಲು ಒಂದು ತುಂಡು ಬಳಪ ಹುಡುಕಿ. ನಿಯಮದ ಬಗ್ಗೆ ಮಕ್ಕಳು ಜಗಳ ತೆಗೆದರೆ ತಡೆಯಬೇಡಿ.