ಅನಂತಪುರದ ದ್ರಾಕ್ಷಿ ಪಡದಲ್ಲಿ ಒಂದು ಪ್ರವೇಶದ ಲೆಕ್ಕ

ಅಥಣಿಯ ಗಚ್ಚಿನಮಠದ ದರ್ಶನ ಮುಗಿಸಿಕೊಂಡು ಉತ್ತರದ ಗಡಿಯತ್ತ ಹೊರಟರೆ, ಕೃಷ್ಣೆಯ ದಂಡೆಯ ಕಬ್ಬಿನ ಹಸಿರು ಮೆಲ್ಲನೆ ಹಿಂದೆ ಸರಿದು ಮಡ್ಡಿ ನೆಲ ಆರಂಭವಾಗುತ್ತದೆ. ಜೋಳ, ತೊಗರಿ, ನಡುನಡುವೆ ತಂತಿಯ ಚಪ್ಪರಕ್ಕೆ ಹಬ್ಬಿದ ದ್ರಾಕ್ಷಿ ಪಡಗಳು. ಅಂಗಡಿಯ ಹಲಗೆಯ ಮೇಲೆ ಕನ್ನಡ, ಮಾತಿನಲ್ಲಿ ಕನ್ನಡದೊಡನೆ ಮರಾಠಿ. ಅತ್ತ ಕಡೆ ಮಹಾರಾಷ್ಟ್ರದ ಜತ್ತ ಸೀಮೆ. ಕೃಷ್ಣೆಯ ನೀರನ್ನು ಈ ಒಣನೆಲಕ್ಕೆ ಎತ್ತಿ ತರಲೆಂದು ಕೈಗೊಂಡ ಏತ ನೀರಾವರಿ ಯೋಜನೆಗೆ ಖಿಳೇಗಾವದ ಬಸವೇಶ್ವರನ ಹೆಸರನ್ನೇ ಇಟ್ಟಿದ್ದಾರೆ. ಮಳೆಯನ್ನು ನಂಬಿ ಬದುಕಿದ ಜನ ನೀರಿನ ಯೋಜನೆಗೂ ದೇವರ ಹೆಸರಿಟ್ಟದ್ದು ಸಹಜವೇ ಸರಿ.

ಶ್ರಾವಣದ ಒಂದು ಸೋಮವಾರ ನಾವು ಖಿಳೇಗಾವದ ಬಸವಣ್ಣನ ದರ್ಶನಕ್ಕೆಂದು ಹೋದವರು, ಪರಿಚಿತರ ಕರೆಯ ಮೇರೆಗೆ ಅನಂತಪುರದ ಒಂದು ಒಕ್ಕಲು ಮನೆಯಲ್ಲಿ ತಂಗಿದೆವು. ಆ ಮನೆಯ ಮಗಳು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ಊರ ಕನ್ನಡ ಶಾಲೆ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಆ ಮನೆಗೆ ಅವಳೇ ಮೊದಲಿಗಳು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ವ್ಯವಹಾರ ನಿರ್ವಹಣೆಯ ಶಾಲೆಗಳ ಪ್ರವೇಶ ಪದ್ಧತಿಯನ್ನು ಚೆನ್ನಾಗಿ ಬಲ್ಲವರು. ಊಟವಾದ ಮೇಲೆ ಆ ಹುಡುಗಿ ಒಂದು ನೋಟುಬುಕ್ಕನ್ನು ತಂದು ಅವರ ಮುಂದಿಟ್ಟು, ತನಗೆ 'ಕಾಯ್ದಿಟ್ಟ ಪ್ರವೇಶ' ಸಿಗುವ ಸಂಭವವೆಷ್ಟು ಎಂದು ಕೇಳಿದಳು.

ಈ ಪದ್ಧತಿ ನಮ್ಮ ಅನೇಕ ಪಾಲಕರಿಗೆ ಹೊಸದು. ಸಾಮಾನ್ಯವಾಗಿ ಹೆಸರಾಂತ ಎಂ.ಬಿ.ಎ. ಶಾಲೆಗಳು ಕೆಲವು ವರ್ಷ ದುಡಿದು ಅನುಭವ ಪಡೆದವರನ್ನು ಬಯಸುತ್ತವೆ. ಅಮೇರಿಕೆಯ ಬಾಸ್ಟನ್ ನಗರದಲ್ಲಿರುವ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2007ರಲ್ಲಿ 'ಟೂ ಪ್ಲಸ್ ಟೂ' ಎಂಬ ಯೋಜನೆಯನ್ನು ಪ್ರಕಟಿಸಿತು. ವಿದ್ಯಾರ್ಥಿ ಪದವಿಯ ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕುತ್ತಾನೆ; ಆಯ್ಕೆಯಾದರೆ ಅವನ ಸ್ಥಾನವನ್ನು ಕಾಯ್ದಿಡುತ್ತಾರೆ; ಎರಡರಿಂದ ನಾಲ್ಕು ವರ್ಷ ಎಲ್ಲಿಯಾದರೂ ದುಡಿದು ಬಂದು ಆತ ಎರಡು ವರ್ಷದ ಓದಿಗೆ ಸೇರುತ್ತಾನೆ. ಸ್ಟ್ಯಾನ್‌ಫರ್ಡ್, ವಾರ್ಟನ್ ಮುಂತಾದ ಶಾಲೆಗಳಲ್ಲಿಯೂ ಇಂಥ ದಾರಿಗಳುಂಟು. ನಮ್ಮ ದೇಶದಲ್ಲಿ, 2001ರಲ್ಲಿ ಹೈದರಾಬಾದಿನಲ್ಲಿ ತರಗತಿ ಆರಂಭಿಸಿದ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ಕೂಡ ಓದುತ್ತಿರುವ ಮಕ್ಕಳಿಗಾಗಿ 'ಯಂಗ್ ಲೀಡರ್ಸ್' ಎಂಬ ಹೆಸರಿನಲ್ಲಿ ಇಂಥ ಬಾಗಿಲನ್ನು ತೆರೆಯಿತು. ಈ ನಿಯಮಗಳು ಬದಲಾಗುತ್ತ ಇರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದಿ ಮುಂದುವರಿಯುವುದು ಲೇಸು.

ಹಿರಿಯರು ನೋಟುಬುಕ್ಕನ್ನು ತಿರುವಿ ಹಾಕಿ, ಮೊದಲು ಕಠಿಣವಾದ ಮಾತನ್ನೇ ಹೇಳಿದರು. ಹಾರ್ವರ್ಡಿನ ಈ ಯೋಜನೆಯಲ್ಲಿ ನೂರು ಅರ್ಜಿಗಳಿಗೆ ಹತ್ತರಷ್ಟೂ ಸ್ಥಾನ ಸಿಗುವುದಿಲ್ಲ. ಆ ನೂರರಲ್ಲಿ ಭಾರತದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಹಳ. ಅವರೆಲ್ಲರ ಅಂಕಗಳೂ ಚೆನ್ನಾಗಿಯೇ ಇರುತ್ತವೆ. ಆದುದರಿಂದ ಒಳ್ಳೆಯ ಅಂಕವೆಂಬುದು ಹೊಸ್ತಿಲು ದಾಟಲು ಬೇಕಾದ ಚೀಟಿಯೇ ಹೊರತು ಒಳಗಿನ ಮಣೆಯಲ್ಲ. ಇನ್ನು ಜಿಮ್ಯಾಟ್ ಪರೀಕ್ಷೆ. 2023ರಿಂದ ಬಂದ ಹೊಸ ಪದ್ಧತಿಯಲ್ಲಿ ಗಣಿತ, ಭಾಷೆ, ದತ್ತಾಂಶ ವಿವೇಚನೆ ಎಂಬ ಮೂರು ಭಾಗಗಳು. ಅಂಕ 205ರಿಂದ 805ರವರೆಗೆ. ಹಳೆಯ ಪದ್ಧತಿಯ 700 ಎಂಬ ಹೆಸರಾದ ಅಂಕ ಇಂದಿನ 645ಕ್ಕೆ ಸುಮಾರು ಸಮ. ಈ ಹುಡುಗಿ ಮಾದರಿ ಪರೀಕ್ಷೆಯಲ್ಲಿ ಪಡೆದದ್ದು 595. ಗಣಿತದಲ್ಲಿ ಗಟ್ಟಿ, ಇಂಗ್ಲಿಷಿನ ವಾಚನದಲ್ಲಿ ನಿಧಾನ. "ಆರು ತಿಂಗಳ ಅಭ್ಯಾಸದಿಂದ ಇದು ಏರಬಹುದಾದ ಮೆಟ್ಟಿಲು, ತಂಗೀ, ಆದರೆ ಏರಲೇಬೇಕಾದದ್ದು" ಎಂದರು ಹಿರಿಯರು.

ಅನಂತರ ಅವಳು ಬರೆದಿಟ್ಟ ಪ್ರಬಂಧವನ್ನು ಓದಿದರು. ಅದರಲ್ಲಿ ನಾಯಕತ್ವ, ದೂರದೃಷ್ಟಿ, ಜಗತ್ತಿನ ಬದಲಾವಣೆ ಮೊದಲಾದ ದೊಡ್ಡ ಮಾತುಗಳೇ ತುಂಬಿದ್ದವು. ಅದನ್ನು ಬದಿಗಿಟ್ಟು, ನೋಟುಬುಕ್ಕಿನ ಹಿಂಬದಿಯ ಪುಟಗಳಲ್ಲಿ ಪೆನ್ಸಿಲಿನಿಂದ ಗೀಚಿದ್ದು ಏನೆಂದು ಕೇಳಿದರು. ಅದು ಮನೆಯ ಒಣದ್ರಾಕ್ಷಿಯ ಲೆಕ್ಕ.

ಈ ಸೀಮೆಯಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಕೊಯ್ದ ಹಣ್ಣನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಅದನ್ನು ವಿಜಯಪುರ, ಸಾಂಗಲಿ, ತಾಸಗಾವದ ಪೇಟೆಗಳಿಗೆ ಸವಾಲಿಗೆ ಒಯ್ಯುತ್ತಾರೆ. ದರ ಹಿಡಿಸದಿದ್ದರೆ ಶೀತಲಗೃಹದಲ್ಲಿಟ್ಟು ಕಾಯುತ್ತಾರೆ. ಕಾದರೆ ಲಾಭವೆಂಬುದು ಆ ಮನೆಯ ನಂಬಿಕೆಯಾಗಿತ್ತು. ಹುಡುಗಿ ಎರಡು ಹಂಗಾಮುಗಳ ಚೀಟಿಗಳನ್ನೆಲ್ಲ ಕೂಡಿಸಿ, ದರ್ಜೆಯ ಪ್ರಕಾರ ದರ, ಶೀತಲಗೃಹದ ಬಾಡಿಗೆ, ಸಾಲದ ಬಡ್ಡಿ ಇವನ್ನು ಬೇರೆ ಬೇರೆ ಬರೆದು ನೋಡಿದಳು. ಹಸಿರು ಬಣ್ಣದ ಮೇಲ್ದರ್ಜೆಯ ಮಾಲು ಕಾದದ್ದಕ್ಕೆ ಬೆಲೆ ತಂದಿತ್ತು. ನಡುವಿನ ದರ್ಜೆಯ ಮಾಲು ತಂದ ಹೆಚ್ಚಿನ ದರವನ್ನೆಲ್ಲ ಬಾಡಿಗೆ, ಬಡ್ಡಿಗಳೇ ತಿಂದಿದ್ದವು. ಮರುವರ್ಷ ತಂದೆ ಅವಳ ಮಾತಿನಂತೆ ನಡುವಿನ ಮಾಲನ್ನು ಮೊದಲ ಸವಾಲಿಗೇ ಮಾರಿದರು. ನೆರೆಯ ನಾಲ್ಕು ಮನೆಯವರೂ ತಮ್ಮ ಚೀಟಿಗಳನ್ನು ತಂದು ಅವಳ ಕೈಗಿತ್ತರು.

"ನಿನ್ನ ಅರ್ಜಿ ಇದೇ" ಎಂದರು ಹಿರಿಯರು. ಹಾರ್ವರ್ಡ್ ಶಾಲೆಯು ತನ್ನ ಈ ಯೋಜನೆಯಲ್ಲಿ ಎಂ.ಬಿ.ಎ.ಗೆ ರೂಢಿಯ ದಾರಿಯಿಂದ ಬಾರದವರಿಗೆ ವಿಶೇಷ ಗಮನ ಕೊಡುವುದಾಗಿ ಬಹಿರಂಗವಾಗಿಯೇ ಹೇಳುತ್ತದೆ: ಕಾರಖಾನೆ, ತಯಾರಿಕೆ, ವ್ಯಾಪಾರದಂಥ ನೇರ ಉದ್ಯಮಗಳಲ್ಲಿ ದುಡಿಯಲಿರುವವರು, ಕಠಿಣ ತಾಂತ್ರಿಕ ಕೆಲಸಕ್ಕೆ ಹೋಗುವವರು, ಸ್ವಂತ ಉದ್ಯೋಗ ಹೂಡುವವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರು. ಈ ಹುಡುಗಿಯ ಮುಂದೆ ಎರಡು ನೌಕರಿಗಳ ಮಾತು ನಡೆದಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯದೊಂದು, ಸಂಬಳ ಕಡಿಮೆಯಾದ ಬೆಳಗಾವಿಯ ಫೌಂಡ್ರಿಯದೊಂದು. ಪ್ರವೇಶದ ಆಸೆಗಾಗಿಯೇ ಕಡಿಮೆ ಸಂಬಳವನ್ನು ಆರಿಸಬಾರದು. ಆದರೆ ಯಾವ ಕೆಲಸದಲ್ಲಿ ಎರಡು ವರ್ಷದೊಳಗೆ ತನ್ನ ಕೈಯಿಂದ ಒಂದು ವಿಭಾಗದ ಲೆಕ್ಕ ನಡೆಯುತ್ತದೆಯೋ ಅಂಥದನ್ನು ಆರಿಸಬೇಕೆಂಬುದು ಹಿರಿಯರ ಅಭಿಪ್ರಾಯ.

ತಂದೆ ಇಷ್ಟು ಹೊತ್ತು ಮೌನವಾಗಿ ಕೇಳುತ್ತಿದ್ದರು. ಅವರ ಚಿಂತೆ ಬೇರೆ. "ಎರಡು ವರ್ಷ ನೌಕರಿ, ಆಮ್ಯಾಲೆ ಎರಡು ವರ್ಷ ಸಾಲಿ. ಅಷ್ಟೊತ್ತಿಗೆ ಈಕಿಗೆ ಇಪ್ಪತ್ತಾರು ಆಕ್ಕಾವ್ರಿ. ಲಗ್ನದ ಮಾತು ಯಾವಾಗ ತಗೀಬೇಕು? ರೊಕ್ಕ ಎಲ್ಲಿಂದ ತರೂಣು?"

ಎರಡೂ ನ್ಯಾಯವಾದ ಪ್ರಶ್ನೆಗಳು. ಹಣದ ಪ್ರಶ್ನೆಗೆ ಉತ್ತರವುಂಟು. ಹಾರ್ವರ್ಡಿನಲ್ಲಿ 2024–25ರ ಬೋಧನಾ ಶುಲ್ಕವೊಂದೇ ವರ್ಷಕ್ಕೆ 76,410 ಡಾಲರ್. ಅದನ್ನು ಕೇಳಿಯೇ ನಮ್ಮವರು ಎದ್ದು ಹೋಗುವುದುಂಟು. ಆದರೆ ಅಲ್ಲಿ ಸಹಾಯಧನ ಕುಟುಂಬದ ಅಗತ್ಯವನ್ನು ನೋಡಿ ಕೊಡುವಂಥದು. 2022ರಲ್ಲಿ ಆ ಶಾಲೆ, ಅತಿ ಹೆಚ್ಚು ಅಗತ್ಯವುಳ್ಳ ಸುಮಾರು ಶೇಕಡಾ 10ರಷ್ಟು ವಿದ್ಯಾರ್ಥಿಗಳ ಪೂರ್ಣ ಬೋಧನಾ ಶುಲ್ಕವನ್ನು ತಾನೇ ಭರಿಸುವುದಾಗಿ ಪ್ರಕಟಿಸಿತು. ಸ್ಥಾನವನ್ನು ಒಪ್ಪಿಕೊಳ್ಳುವಾಗ ಮುಂಗಡ ಕಟ್ಟುವ ನಿಯಮ ಹಲವೆಡೆ ಉಂಟು. ಅದನ್ನು ಮೊದಲೇ ಕೇಳಿ ತಿಳಿಯಬೇಕು. ಜಿಮ್ಯಾಟಿಗೆ ಇಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕಿ ಖರ್ಚಾದರೂ ಅದರ ಅಂಕ ಐದು ವರ್ಷ ಬಾಳುತ್ತದೆ. ಸಾಮಾನ್ಯವಾಗಿ ನವೆಂಬರಿನ ಕೊನೆಯ ಭಾನುವಾರ ನಡೆಯುವ ಕ್ಯಾಟ್ ಪರೀಕ್ಷೆಯ ಅಂಕವಾದರೋ ಆ ಒಂದು ಸಾಲಿನ ಪ್ರವೇಶಕ್ಕೆ ಮಾತ್ರ.

ಲಗ್ನದ ಪ್ರಶ್ನೆಗೆ ಮಗಳೇ ಉತ್ತರಿಸಿದಳು: "ನಾ ಲಗ್ನ ಬ್ಯಾಡ ಅಂದಿಲ್ಲಪ್ಪಾ. ಬರೂ ಮನಿಯವರಿಗೆ ಇದನ್ನ ಮೊದಲ ಹೇಳಿ ಮಾತಾಡೂಣು ಅಂದೀನಿ." ತಂದೆ ತಲೆ ತಗ್ಗಿಸಿದರು, ಬೇಡವೆನ್ನಲಿಲ್ಲ.

ಸಂಜೆ ಪಡವನ್ನು ನೋಡಲು ಹೋದೆವು. ಶ್ರಾವಣವಾದ್ದರಿಂದ ಬಳ್ಳಿಯಲ್ಲಿ ಒಂದು ಗೊನೆಯೂ ಇರಲಿಲ್ಲ. ಅಜ್ಜನವರು ಒಂದು ಕಡ್ಡಿಯನ್ನು ಬಾಗಿಸಿ ತೋರಿಸಿದರು: "ಏಪ್ರಿಲ್ ಚಾಟನಿ ಹಣ್ಣಿಗಲ್ರೀ, ಕಡ್ಡಿಗೆ. ಕಡ್ಡಿ ಬಲಿಲಿಲ್ಲಂದ್ರ ಅಕ್ಟೋಬರದಾಗ ಎಷ್ಟು ಚಾಟನಿ ಮಾಡಿದರೂ ಗೊನಿ ಬರಂಗಿಲ್ಲ." ಪ್ರವೇಶದ ಮಾತನ್ನು ಮನಸ್ಸಿನಲ್ಲಿಟ್ಟು ಅವರು ಹೇಳಿದರೋ, ಬಳ್ಳಿಯ ಮಾತನ್ನೇ ಹೇಳಿದರೋ, ನಾವು ಕೇಳಲಿಲ್ಲ.

ಹೊರಡುವ ಮುನ್ನ ಹಿರಿಯರು ತಮ್ಮ ತೀರ್ಮಾನವನ್ನು ಮೂರು ಮಾತಿನಲ್ಲಿ ಹೇಳಿದರು. ಹಾರ್ವರ್ಡಿನಂಥ ಶಾಲೆಯಲ್ಲಿ ಇವಳ ಸಂಭವ ಕಡಿಮೆ. ಲೆಕ್ಕದ ಪ್ರಬಂಧವನ್ನು ನೇರವಾಗಿ ಬರೆದು, ಜಿಮ್ಯಾಟ್ ಏರಿದರೆ ಗುಂಪಿನಿಂದ ಬೇರೆಯಾಗಿ ಕಾಣುವಷ್ಟು ಮಾತ್ರ ಉಂಟು. ಏಪ್ರಿಲ್ ಕೊನೆಗೆ ಬರುವ ಆ ಅರ್ಜಿಯನ್ನು ಹಾಕಲೇಬೇಕು. ಏಕೆಂದರೆ ಈಗ ಸಿಗದಿದ್ದರೂ ಕೆಲಸದ ಅನುಭವ ಪಡೆದು ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ. ನಮ್ಮ ದೇಶದ ಶಾಲೆಗಳಲ್ಲಿ ಸಂಭವ ಇದಕ್ಕಿಂತ ಮೇಲು. ಆದರೆ ಸ್ಥಾನ ಸಿಕ್ಕಲಿ, ಬಿಡಲಿ, ಎರಡು ವರ್ಷದ ದುಡಿಮೆಯಲ್ಲಿ ಬಲಿಯುವುದು ಏನೆಂಬುದು ಮೊದಲು ಗೊತ್ತಿರಬೇಕು. ಕಾಯುವುದಕ್ಕೂ ಬಡ್ಡಿ ಬೀಳುತ್ತದೆಂದು ಆ ಹುಡುಗಿಗೆ ಯಾರೂ ಕಲಿಸಬೇಕಾಗಿಲ್ಲ.

ಅವಳಲ್ಲಿ ಇನ್ನೂ ಒಂದು ಕೊರತೆಯಿತ್ತು. ಅರ್ಜಿಯೊಡನೆ ಎರಡು ಶಿಫಾರಸು ಪತ್ರಗಳು ಬೇಕು. ಪ್ರಬಂಧವನ್ನು ಓದಿ ತಿದ್ದುವವರು ಬೇಕು. ನಗರದ ಮಕ್ಕಳಿಗೆ ಇದು ಮನೆಯಲ್ಲಿಯೇ ಸಿಗುತ್ತದೆ; ಅನಂತಪುರದಲ್ಲಿ ಸಿಗದು. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ಓದಿಗೆಂದು ಬಿಟ್ಟುಹೋದರು. 1916ರಲ್ಲಿ ಏಳು ಜನ ತರುಣರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು, 1933ರಲ್ಲಿ ಅದರ ಕಾಲೇಜಿಗೆ ದೇಸಾಯರ ಹೆಸರನ್ನೇ ಇಟ್ಟರು. ಅಂದಿನವರು ಕಟ್ಟಡ ಕಟ್ಟಿದರು, ಹಣ ಕೊಟ್ಟರು. ಇಂದು ಬೆಂಗಳೂರು, ಪುಣೆ, ಅಮೇರಿಕೆಗಳಲ್ಲಿ ಇಂಥ ಶಾಲೆಗಳನ್ನೇ ಕಲಿತು ಉದ್ಯೋಗದಲ್ಲಿರುವ ನಮ್ಮವರು ಬಹಳ. ಅವರಿಂದ ಹಣವನ್ನು ಯಾರೂ ಕೇಳುತ್ತಿಲ್ಲ. ಪ್ರತಿಯೊಬ್ಬರೂ ವರ್ಷಕ್ಕೊಬ್ಬ ಹಳ್ಳಿಯ ವಿದ್ಯಾರ್ಥಿಯ ಪ್ರಬಂಧವನ್ನು ಮೂರು ಸಲ ಓದಿ, ಇಲ್ಲಿ ಸುಳ್ಳು ದೊಡ್ಡತನವಿದೆ, ಇಲ್ಲಿ ನಿನ್ನ ನಿಜವಾದ ಕಾಯಕ ಕಾಣುತ್ತದೆ ಎಂದು ಹೇಳಿಕೊಟ್ಟರೆ ಸಾಕು.

ಓದುಗರ ಮನೆಯಲ್ಲಿ ಕೊನೆಯ ವರ್ಷದ ಮಗನೋ ಮಗಳೋ ಇದ್ದರೆ, ದೀಪಾವಳಿಗೆ ಊರಿಗೆ ಬಂದಾಗ ಅಂಕಪಟ್ಟಿಯ ಜೊತೆಗೆ ಅವರು ಮಾಡಿದ ಒಂದು ಕೆಲಸದ ಲೆಕ್ಕವನ್ನೂ ಕೇಳಿರಿ. ಹೇಳಲು ಏನಾದರೂ ಇದ್ದರೆ ಅಲ್ಲಿಂದಲೇ ಅರ್ಜಿಯನ್ನು ಆರಂಭಿಸಬಹುದು. ಇಲ್ಲದಿದ್ದರೆ ಏಪ್ರಿಲ್ ಬರುವವರೆಗೆ ಇನ್ನೂ ಸಮಯವಿದೆ.