ಹೋಯ್, ಆಟ ಎಷ್ಟೊತ್ತಿಗೆ?

ಕೊಕ್ಕರ್ಣೆಯ ನಿವೃತ್ತ ಮೇಷ್ಟ್ರ ಮನೆಗೆ ದೂರದರ್ಶನ 2004ರಲ್ಲಿ ಆರಂಭಿಸಿದ ಉಚಿತ ಡಿಶ್ ಸೇವೆಯೇ ಸಾಕು. ಕಣ್ಣು ಮಂಜಾದ ಹೆಂಡತಿಗೆ ಪತ್ರಿಕೆ ಓದಲಾಗದು. “ಹೋಯ್, ಟಿವಿಯಲ್ಲಿ ಆಟ ಎಷ್ಟೊತ್ತಿಗೆ?” ಎಂದು ಆಕೆ ಕೇಳಿದಾಗ ಮೇಷ್ಟ್ರು ರಿಮೋಟ್ ಒತ್ತಿದರೆ ‘ಮಾಹಿತಿ ಇಲ್ಲ’ ಎಂದು ಬರುತ್ತಿತ್ತು.

ಕಾರ್ಯಕ್ರಮಗಳ ಪಟ್ಟಿ ಚಿತ್ರ, ಧ್ವನಿಯೊಡನೆ ಉಪಗ್ರಹದಿಂದಲೇ ಬರಬೇಕು. ಬಂದದ್ದನ್ನು ಪೆಟ್ಟಿಗೆ ಓದಬೇಕು. ತಪ್ಪು ಯಾರದು? ಮಗಳ ಮನೆಯಿಂದ ಬೇರೆ ಪೆಟ್ಟಿಗೆ ತಂದು, ಅದೇ ಕೇಬಲಿಗೆ ಸಿಕ್ಕಿಸಿ, ಅದೇ ವಾಹಿನಿ ಹಾಕಿದರು. ಪಟ್ಟಿ ಮೂಡಿತು! ಆದರೆ ಸಂಜೆ 7ರ ವಾರ್ತೆ ಮಧ್ಯಾಹ್ನ 1.30ಕ್ಕೆ ಎಂದಿತ್ತು. ಪಟ್ಟಿಯ ವೇಳೆ ಬರುವುದು ಗ್ರೀನಿಚ್ ಲೆಕ್ಕದಲ್ಲಿ; ಐದೂವರೆ ಗಂಟೆ ಕೂಡಿಸುವುದು ಪೆಟ್ಟಿಗೆಯ ಕೆಲಸ. ಸೆಟ್ಟಿಂಗ್ ತಿದ್ದಿದರು.

ಪರದೆಯ ಸಣ್ಣಕ್ಷರ ಆಕೆಗೆ ಈಗಲೂ ಕಾಣದು; ಮೇಷ್ಟ್ರೇ ಓದಿ ಹೇಳುತ್ತಾರೆ. “ಏಳೂವರೆಗೆ” ಅಂದರೆ ಸಾಕು, ಏಳಕ್ಕೇ ಗಂಜಿಯೂಟ ಮುಗಿದಿರುತ್ತದೆ.